ಮ್ಯಾಮ್ ಟಾರ್‌ಗೆ ಎರಡನೇ ಸಲ

ರಾತ್ರಿಪಾಳಿ ಮುಗಿದಾಗ ಏಳೂವರೆ.
ಮಲಗಬೇಕಿತ್ತು ನಾನು.
ಆದರೆ ಶೆಫೀಲ್ಡಿನ ಬಸ್‌ಸ್ಟ್ಯಾಂಡಿನಲ್ಲಿ
ನಮ್ಮ ಆಸ್ಪತ್ರೆಯ ಲಾಂಡ್ರಿಯ ಮಿ-ರಾನ್ ನಿಂತಿದ್ದಾಳೆ,
ಎರಡು ಊರುಗೋಲು, ಕತ್ತಿನವರೆಗೆ ಇಳಿಬಿದ್ದ ಟೋಪಿ,
ಹಿಮಾಲಯಕ್ಕೆ ಹೊರಟವಳಂತೆ.
"ಬಿಸಿಲೆಲ್ಲೈತೆ ತಾಯಿ?" ಅಂದೆ ಕನ್ನಡದಲ್ಲೇ.
ಅವಳೂ ತನ್ನ ಭಾಷೆಯಲ್ಲೇ ಏನೋ ಬೈದಳು.
ಬಸ್ಸು ಬಂತು.

ಹೋಪ್ ಅಂತ ಒಂದು ಊರು ದಾರಿಯಲ್ಲಿ.
ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ.

ಹೋದ ವರ್ಷ ಒಬ್ಬಳೇ ಬಂದಿದ್ದೆ,
ಫೋನು ಎತ್ತಿ ಹಿಡಿದು ಅವ್ವನಿಗೆ ತೋರಿಸಿದ್ದೆ.
"ಇದೆಂಥ ಗುಡ್ಡ? ಒಂದು ಕಲ್ಲಿಲ್ಲ,
ಹಸಿರು ಕಂಬಳಿ ಹೊದ್ದು ಮಲಗೇತಿ" ಅಂದಿದ್ದಳು
ಸಂಡೂರಿನಲ್ಲಿ ಕೂತು, ಸೆರಗಿನಿಂದ
ಪರದೆಯ ಕೆಂಪು ಧೂಳು ಒರೆಸುತ್ತ.
ನಮ್ಮ ಗುಡ್ಡಗಳು ಲಾರಿ ಹತ್ತಿ ಹೋಗುತ್ತವೆ;
ಇದು ತಾನೇ ಜಾರುತ್ತದೆ.
ಜಾರಿ ಜಾರಿ ಒಂದು ಹೆದ್ದಾರಿಯನ್ನೇ ಮುರಿದಿದೆ:
ಡಾಂಬರಿನ ಪದರ ಪದರ, ಚಿರೋಟಿ ಮುರಿದ ಹಾಗೆ.
ನಡುವಿನ ಬಿಳಿಗೆರೆ ಮಾತ್ರ
ಯಾವುದೋ ಕಾರಿಗೆ ಇನ್ನೂ ದಾರಿ ತೋರಿಸುತ್ತ
ಬಿರುಕಿನೊಳಗೆ ಇಳಿದುಹೋಗಿದೆ.
ರಿಪೇರಿ ಮಾಡಿ ಮಾಡಿ ಸೋತು
ಸರಕಾರ ಕೈಬಿಟ್ಟಿತಂತೆ.
ಆ ಸೋಲು ನನಗೆ ಯಾಕೋ ಹಿಡಿಸಿತು.

ಮಿ-ರಾನ್ ನಿಲ್ಲುವುದಿಲ್ಲ. ಐವತ್ತೆಂಟು ಅವಳಿಗೆ.
ದಿನಕ್ಕೆ ಆರುನೂರು ಬೆಡ್‌ಶೀಟು ಮಡಿಸುವ ತೋಳು
ಗುಡ್ಡವನ್ನೂ ಮಡಿಸಿ ಹಿಂದಿಟ್ಟು ಹೋಗುತ್ತದೆ.
ಅವರ ಊರಲ್ಲಿ ಭಾನುವಾರ ಅಂದರೆ ಬೆಟ್ಟ,
ಬೆಟ್ಟ ಅಂದರೆ ಸೌತೆಕಾಯಿ.
ಎದುರು ಬಂದವರಿಗೆಲ್ಲ ಒಂದು ತುಂಡು ಚಾಚುತ್ತಾಳೆ.
ಇಲ್ಲಿನವರು ಬೆಚ್ಚುತ್ತಾರೆ,
ಹವಾಮಾನದ ಬಗ್ಗೆ ಏನೋ ಗೊಣಗುತ್ತಾರೆ.
ಒಬ್ಬ ಹುಡುಗ ತೆಗೆದುಕೊಂಡ,
ಅಮ್ಮನ ಮುಖ ನೋಡಿ ಕಚ್ಚಿದ.

ತುದಿಯಲ್ಲಿ ಮಂಜು.
ನೋಡಲೆಂದೇ ಬಂದ ಎರಡು ಕಣಿವೆಗಳು
ಎಡಕ್ಕೊಂದು ಬಲಕ್ಕೊಂದು ಇರಬೇಕು,
ಹಾಲು ಕದಡಿದ ಹಾಗೆ ಬರೀ ಬೆಳ್ಳಗೆ.
ಕೂತು ಬುತ್ತಿ ಬಿಚ್ಚಿದೆವು.
ಅವಳ ಕಡಲಪಾಚಿ ಸುತ್ತಿದ ಅನ್ನ,
ಎಲೆಕೋಸಿನ ಹುಳಿಖಾರ,
ನನ್ನ ಸಜ್ಜೆರೊಟ್ಟಿ, ಶೇಂಗಾ ಹಿಂಡಿ.
ಕೆಳಗಿನ ಟೀ ಅಂಗಡಿಯಲ್ಲಿ ಕೊಂಡ ಓಟ್‌ಕೇಕ್ ಬೇರೆ:
ನಮ್ಮ ದೋಸೆಗೆ ದೂರದ ದಾಯಾದಿ,
ಅವ್ವ ತಿಂದಿದ್ದರೆ "ಹುಳಿ ಬಂದಿಲ್ಲ" ಅನ್ನುತ್ತಿದ್ದಳು.
ಮಿ-ರಾನ್ ಅದರೊಳಗೆ ಹಿಂಡಿ ತುಂಬಿ
ಮೇಲೆ ಎಲೆಕೋಸು ಹಾಕಿ ಸುರುಳಿ ಸುತ್ತಿದಳು.
ಮೂಗಲ್ಲಿ ನೀರು ಸೋರಿತು ಇಬ್ಬರಿಗೂ.
ಕಣಿವೆಯ ನೆನಪೇ ಆಗಲಿಲ್ಲ ಆಮೇಲೆ.

ಇಳಿಯುವಾಗ, ದಾರಿ ಕವಲೊಡೆಯುವಲ್ಲಿ,
ಮಂಜಿನಿಂದ ಮೊದಲು ಒಂದು ನಾಯಿ ಬಂತು,
ಹಿಂದೆ ಕನ್ನಡಕ ಒರೆಸುತ್ತ ಮುದುಕ.
"ಎಡೇಲ್‌ಗೆ ಯಾವ ಕಡೆ?"
ನನ್ನನ್ನು. ಕೇಳಿದ್ದು ನನ್ನನ್ನು.
ಒಂಬತ್ತು ವರ್ಷ ಈ ದೇಶದಲ್ಲಿ ನಾನೇ ಕೇಳಿದ್ದೆ,
ಪ್ಲಾಟ್‌ಫಾರ್ಮು, ಫಾರಮ್ಮು, ಯಾವ ಕಿಟಕಿ, ಯಾವ ಕ್ಯೂ.
ಎದೆ ಉಬ್ಬಿಸಿ ಕೈ ಚಾಚಿದೆ: "ಬಲಕ್ಕೆ."
ಅವನು ಟೋಪಿ ಮುಟ್ಟಿ ಹೊರಟ.

ಹಿಂದೆಯೇ ನಾವೂ ಇಳಿದೆವು. ಗೇಟಿನ ಮೇಲಿನ ಸೂಚನೆಯಂತೆ
ಗೇಟು ಮುಚ್ಚಿ ಚಿಲಕ ಹಾಕಿದೆ,
ಕುರಿಗಳು ಯಾರವೋ, ಆದರೂ.
ಆಗ ಹೊಳೆಯಿತು: ನಾವು ಇಳಿದದ್ದೂ ಬಲಕ್ಕೇ.

ಕ್ಯಾಸಲ್ಟನ್ನಿನ ಬಸ್‌ಸ್ಟಾಪಿನ ಬೆಂಚಿನಲ್ಲಿ
ಮೊದಲೇ ಕೂತಿದ್ದ ಅವನು. ಕಾಲಡಿ ನಾಯಿ.
ನೆಲ ನೋಡುತ್ತ "ಸಾರಿ" ಅಂದೆ.
"ಎಡೇಲ್ ಎಲ್ಲಿಗೆ ಹೋಗತ್ತೆ, ನಾಳೆಯೂ ಇರತ್ತೆ" ಅಂದ.
ನಾಯಿಯ ಹೆಸರು ಕೇಳಿದೆ, ಮಾತು ಬದಲಿಸಲು.
ಪಿಕಲ್ ಅಂತೆ. ಉಪ್ಪಿನಕಾಯಿ!
ಹೇಳಿದರೆ ಮಿ-ರಾನ್‌ಗೆ ನಗು ತಡೆಯಲಾಗದೆ
ಡಬ್ಬಿಯ ಮುಚ್ಚಳ ತೆಗೆದು ಅವನತ್ತ ಸರಿಸಿದಳು.
ಉಳಿದಿದ್ದು ಅರ್ಧ ರೊಟ್ಟಿ, ಒಂದು ತುಂಡು ಸೌತೆಕಾಯಿ.
ಅವನು ಸೌತೆಕಾಯಿ ನಾಯಿಗೆ ಕೊಟ್ಟ,
ರೊಟ್ಟಿಯನ್ನು ತಾನೇ ಇಟ್ಟುಕೊಂಡ.