ಯಾನ್

ಮೊದಲ ದಿನವೇ ಮೊಬೈಲುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ಹಾಕಿ
ಮುಚ್ಚಳ ಒತ್ತಿದರು. ನನ್ನದನ್ನು ಮಾತ್ರ ಹಿಂತಿರುಗಿಸಿದರು:
ನೀವು ಶಿಬಿರಾರ್ಥಿಯಲ್ಲ, ಟೆಕ್ನೀಷಿಯನ್.

ಬೋಳಾರದ ಹೊಳೆಬದಿ, ನಿಂತುಹೋದ ಹೆಂಚಿನ ಕಾರ್ಖಾನೆ.
ಹಸಿ ಹೆಂಚು ಒಣಗಿಸುತ್ತಿದ್ದ ಅಟ್ಟದಲ್ಲಿ ಮೂವತ್ತು ಚಾಪೆ,
ನಡುವೆ ನಾನು, ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ಮಾಡಿದ್ದನ್ನೇ ಮಾಡುತ್ತ:
ಕೂದಲು ಬಗಿದು, ಪೇಸ್ಟ್ ಹಚ್ಚಿ, ತಲೆಗೆ ಇಪ್ಪತ್ತೊಂದು ತಂತಿ.
ಭಿಕ್ಷುಣಿ ಡೋಲ್ಕರ್ ಅವರ ತಲೆ ಸುಲಭ.
ಡಾಕ್ಟರ್ ಮಿನೇಜಸ್ ಅವರದೂ.

ಬೈಲಕುಪ್ಪೆಯ ಡೋಲ್ಕರ್, ಪಿರಿಯಾಪಟ್ಟಣದ ಕನ್ನಡ:
"ಹಲ್ಲಲ್ಲಿದೆಯಾ ನಾನು? ಉಗುರಲ್ಲಿದೆಯಾ?
ಹುಡುಕಿದ್ರೆ ಸಿಗಲ್ಲ, ಹುಡುಕದಿದ್ರೆ ಬಿಡಲ್ಲ."
ಮಿನೇಜಸ್ ತೆರೆಯ ಗೆರೆಗಳಿಗೆ ಬೆರಳಿಟ್ಟು:
"ಇಲ್ಲೂ ಅದಕ್ಕೆ ಡೋರ್ ನಂಬರ್ ಇಲ್ಲ."

ನನಗೆ ಒಳಗೊಳಗೇ ನಗು. ಇಷ್ಟಕ್ಕೆ ಎಂಟು ದಿನವೇ?
ಈ ಮಾಡಿನ ಹೆಂಚನ್ನು ಕೇಳಿದರೂ ಹೇಳೀತು:
ಹೊಳೆಯ ಮಣ್ಣು, ಹೊಳೆಯದೇ ನೀರು, ಯಾವ ಗುಡ್ಡದ್ದೋ ಸೌದೆ,
ಕೊನೆಗೆ ಬೆನ್ನಿಗೊಂದು ಕಂಪನಿಯ ಮುದ್ರೆ.
ಮಳೆಯೇನು ಮುದ್ರೆ ಓದಿ ಬೀಳುತ್ತದೆಯೇ?

ಮೂರನೆಯ ದಿನ ಕೈಕಂಬದ ಬಿಲ್ಡರ್ ಒಬ್ಬರು
ಮಂಡಿನೋವೆಂದು ಎದ್ದು ಹೋದರು. ಒಂದು ಚಾಪೆ ಖಾಲಿ.
"ಕೂತ್ಕೊಳಿ, ಸುಗುಣ."
ನನ್ನ ಕೂದಲನ್ನು ನಾನೇ ಬಗಿಯಲಾರೆ; ಅಡುಗೆಯ ಮುತ್ತಕ್ಕೆ ಬಂದರು,
ಬೆರಳಿಗೆ ಉಪ್ಪು ಸೊಳೆಯ ವಾಸನೆ.

ಉಸಿರು ಬಂತು. ಉಸಿರು ಹೋಯಿತು. ಹೊಳೆಯಲ್ಲೊಂದು ಮರಳಿನ ದೋಣಿ.
ಆಮೇಲೆ ಗೇಟಿನಾಚೆ ಸ್ಕೂಟರಿನ ಪೋಂಯ್, ಪೋಂಯ್:
ಬೂತಾಯಿ!
ಬಾಯಲ್ಲಿ ನೀರು. ನೂರಕ್ಕೆಷ್ಟು, ಮನೆಯಲ್ಲಿ ಹುಳಿ ಇದೆಯೇ,
ಚೀಲ ಹಿಡಿದು ಒಬ್ಬಳು ಓಡಿಯೇ ಬಿಟ್ಟಳು.
ಓಡಿದವಳ ಬೆನ್ನು ಕಂಡೆ. ಕಂಡವಳು ಯಾರೋ.

"ಇಲ್ಲಿ ಎವೆ ಬಡಿದಿರಿ," ಅಂದರು ಮಿನೇಜಸ್, "ಅಳಿಸಿಬಿಡಿ."
ಅಳಿಸಿದೆ. ಅಳಿಸುವುದೇ ನನ್ನ ಕಸುಬು:
ಎವೆ, ದವಡೆ, ಬೆವರು, ಪಕ್ಕದ ಫ್ಯಾನಿನ ಗುಂಯ್.
ಮಿದುಳಿನದಲ್ಲದ್ದೆಲ್ಲ ಕಸ.

ಆ ರಾತ್ರಿ ಬಂದವನು, ಏಳನೇ ಬೆಡ್ಡಿನ ಹುಡುಗ.
ಸುರತ್ಕಲ್ ಹೈವೇ, ಬೈಕು.
ನಿಯಮದಂತೆ ಮೂವತ್ತು ನಿಮಿಷ ನೋಡಬೇಕು,
ಗೆರೆ ಬರೀ ಗೆರೆಯಾಗಿಯೇ ಉಳಿದರೆ ಸಹಿ.
ಹನ್ನೆರಡನೆಯ ನಿಮಿಷಕ್ಕೆ ತಾಯಿ ಹತ್ತಿರ ಬಂದರು:
"ಅಲ್ಲಿ ಅಲುಗುತ್ತಿದೆಯಲ್ಲ?"
ಅಲುಗುತ್ತಿತ್ತು. ಮೀನಿನ ಮುಳ್ಳಿನಷ್ಟು, ಒಂದೇ ಲಯದಲ್ಲಿ.
"ಅದು ಹೃದಯ, ಅಮ್ಮ. ಇದರಲ್ಲಿ ಲೆಕ್ಕಕ್ಕಿಲ್ಲ."

ಹೇಳಿದ್ದು ಸರಿ. ಇವತ್ತೂ ಅದನ್ನೇ ಹೇಳುತ್ತೇನೆ.
ಆದರೂ ಬೆಳಿಗ್ಗೆ ಡೋಲ್ಕರ್ ಎದುರು ಕೂತು ಕೇಳಿದೆ:
ಆ ಹೊತ್ತಿನಲ್ಲಿ ಅವನೆಲ್ಲಿದ್ದ?
ಅವರು ಅದನ್ನು ಮುಟ್ಟಲಿಲ್ಲ. "ಆ ತಾಯಿ ಕೈ ಹಿಡಿದ್ರಾ?"
ಗ್ಲೌಸ್ ಹಾಕಿದ್ದೆ, ಅಂದೆ.
ಆಮೇಲೆ ತುಂಬ ಹೊತ್ತು ಹೊಳೆಯ ಸದ್ದು.

ಆರನೆಯ ದಿನ ಅವರು ಕದ್ರಿಗೆ ಹೋಗಬೇಕೆಂದರು, ಲೋಕೇಶ್ವರನನ್ನು ನೋಡಲು.
ಕಂಚಿನೆದುರು ಅವರ ಕಣ್ಣಲ್ಲಿ ನೀರು.
ಎಸ್ಸೆಲ್ಸಿಯ ಗಣಿತ ಪಾಸಾಗಲೆಂದು ನಾನು ಕೈಮುಗಿದದ್ದೂ ಇವನಿಗೇ.
ನೀನು ಯಾರವನು ಎಂದು ಅಂದು ನಾನು ಕೇಳಿರಲಿಲ್ಲ,
ನೀನು ಯಾರವಳು ಎಂದು ಅವನೂ.

ಕೊನೆಯ ದಿನ ಗಂಜಿ ಉಣ್ಣುತ್ತ ಡೋಲ್ಕರ್:
"ನಿಮ್ಮ ಮನೆ ಮಾತಲ್ಲಿ ನಾನು ಅನ್ನೋದಕ್ಕೆ ಏನಂತೀರಿ?"
ಹಾಂವ್, ಅಂದರು ಮಿನೇಜಸ್.
ಯಾನ್, ಅಂದೆ.
ಅವರಿಗೆ ನಗು ತಡೆಯಲಿಲ್ಲ: "ನಮ್ಮಲ್ಲಿ ಯಾನ ಅಂದ್ರೆ ಗಾಡಿ!"

ಡಬ್ಬಿಯ ಮುಚ್ಚಳ ತೆಗೆದದ್ದೇ, ಮೂವತ್ತು ಹೆಸರುಗಳು ಒಟ್ಟಿಗೆ ರಿಂಗಾದವು.
ನಾನು ಮಂಗಳಾದೇವಿಯ ಬಳಿ ಬಸ್ಸು ಹತ್ತಿದೆ.
ಕೂದಲಿಗಿನ್ನೂ ಪೇಸ್ಟಿನ ಅಂಟು.
"ದುಂಬು ಪೋಲೆ, ದುಂಬು ಪೋಲೆ. ಟಿಕೆಟ್ ಏರ್, ಏರ್?"
ಯಾರು ಯಾರೆಂದು ಕೇಳುತ್ತ ಕಂಡಕ್ಟರ್ ಬಂದ.
ಒಂದು ಗಳಿಗೆ ಬಾಯಿ ಬರಲಿಲ್ಲ.
ಆಮೇಲೆ ಚಿಲ್ಲರೆ ಚಾಚಿ, ಯಾನ್, ಅಂದೆ.
ಒಂಜಿ.