ಶಬ್ದ ಕಂಡುಬಂದಿಲ್ಲ

ಎಡಗಡೆ ಹಿಂದಿನ ಬಾಗಿಲಲ್ಲಿ, ಮೂರನೇ ಗೇರಿನಲ್ಲಿ,
ಡೇರಿ ಸರ್ಕಲ್ ದಾಟಿ ರಸ್ತೆ ಒಂಚೂರು ತಗ್ಗಿದಾಗ
ಟಿಕ್.
ಸ್ವಲ್ಪ ಬಿಟ್ಟು, ಟಿಕ್ ಟಿಕ್.
ಬಾಬಿನ್ ಕೇಸಿನ ಸ್ಕ್ರೂ ಅರ್ಧ ಸುತ್ತು ಸಡಿಲವಾದರೆ
ಬರುತ್ತಲ್ಲ, ಅದೇ ಸದ್ದು.
ಮೂವತ್ತಾರು ವರ್ಷ ಸಂತೆಪೇಟೆಯಲ್ಲಿ ಕೂತು
ಹೊಲಿಗೆ ಮಿಷನ್ನು ಬಿಚ್ಚಿದ ಕಿವಿ ಇದು.
ಕಣ್ಣಿಗೆ ಪೊರೆ ಬಂದಿದೆ, ಕಿವಿಗೆ ಬಂದಿಲ್ಲ.

ಕಾರಿಗೆ ನಲವತ್ತೊಂದು ದಿನ.
ಬಂಪರಿಗೆ ಕಟ್ಟಿದ ನಿಂಬೆಹಣ್ಣು ಇನ್ನೂ ಪೂರ್ತಿ ಒಣಗಿಲ್ಲ.

ಬಿ.ಎಂ. ರಸ್ತೆಯ ಆ ಗಾಜಿನ ಅಂಗಡಿಯಲ್ಲಿ
ಅವತ್ತು ನನಗೆ ಶಾಲು, ರುಕ್ಮಾಬಾಯಿಗೆ ಮಲ್ಲಿಗೆ,
ಹಲಗೆಯಷ್ಟಗಲ ರಟ್ಟಿನ ಬೀಗದಕೈ ಹಿಡಿಸಿ ಫೋಟೊ.
ಈಗ ಅದೇ ಬಾಗಿಲಿಗೆ ಹೋದರೆ
‘ಸರ್ವೀಸಾ? ಆ ಕಡೆ ಗೇಟು, ಹಿಂದುಗಡೆ.’

ಮೊದಲ ಸಲ ತೊಳೆದು ಕೊಟ್ಟರು.
ಏನು ಕೇಳಿದರೂ ತೊಳೆದು ಕೊಡುತ್ತಾರೆ ಅಲ್ಲಿ.

ಎರಡನೇ ಸಲ ಮೂರು ದಿನ ಇಟ್ಟುಕೊಂಡರು.
ವಾಪಸು ಬಂದಾಗ ಮೀಟರಿನಲ್ಲಿ ಇಪ್ಪತ್ತೇಳು ಕಿಲೋಮೀಟರು ಜಾಸ್ತಿ,
ಸೀಟು ಯಾರದೋ ಉದ್ದ ಕಾಲಿಗೆ ಹಿಂದೆ ಸರಿದಿತ್ತು,
ಮ್ಯಾಟಿನ ಮೇಲೆ ಕಡ್ಲೆಕಾಯಿ ಸಿಪ್ಪೆ.
ಜಾಬ್ ಕಾರ್ಡಿನಲ್ಲಿ ಒಂದು ಸಾಲು:
‘ಪರಿಶೀಲಿಸಲಾಗಿದೆ. ಶಬ್ದ ಕಂಡುಬಂದಿಲ್ಲ.’

ಅಲ್ಲಪ್ಪಾ,
ಶಬ್ದವನ್ನು ನೋಡಿ ಅಂತ ಯಾರು ಹೇಳಿದರು ನಿಮಗೆ?

ಮೂರನೇ ಸಲ ನನ್ನ ಪುಟ್ಟ ಡ್ರೈವರು ಜೇಬಿನಲ್ಲಿಟ್ಟುಕೊಂಡೇ ಹೋದೆ.
ಅಡ್ವೈಸರ್ ಲಿಖಿತ್, ಬಿಳೀ ಅಂಗಿ,
ಕಾಲರಿನ ಒಳಹೊಲಿಗೆ ಬಿಟ್ಟಿದೆ, ಅವನಿಗೆ ಗೊತ್ತಿಲ್ಲ.
‘ಎರಡು ನಿಮಿಷ ಕೊಡಿ, ನಾನೇ ಬಿಚ್ಚಿ ತೋರಿಸ್ತೀನಿ’ ಅಂದೆ.
‘ನೀವು ಮುಟ್ಟಿದ್ರೆ ವಾರಂಟಿ ಹೋಗುತ್ತೆ ಸರ್.’
ಆಮೇಲೆ ಮೆಲ್ಲಗೆ, ಸಮಾಧಾನಕ್ಕೆ ಅನ್ನುವ ಹಾಗೆ:
‘ಹೊಸ ಗಾಡಿ ಅಲ್ವಾ, ಓಡ್ತಾ ಓಡ್ತಾ ಸೆಟ್ ಆಗುತ್ತೆ.’

ಈ ಮಾತು ನನಗೆ ಗೊತ್ತು.
ಇದು ನನ್ನದೇ ಮಾತು.
ದುದ್ದದ ಚೆನ್ನಾಜಮ್ಮ
ಮಿಷನ್ನಿನ ತಲೆಯನ್ನು ಗೋಣಿಚೀಲದಲ್ಲಿ ಸುತ್ತಿ
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು, ಮೂರು ಸಲ.
ದಾರ ಹರೀತದೆ ಅಣ್ಣ, ಒಳಗೇನೋ ಕುಟ್ಟತದೆ ಅಂತ.
ಗೌರಿಹಬ್ಬದ ಹಿಂದಿನ ವಾರ, ಮುಂದೆ ಹನ್ನೊಂದು ಮಿಷನ್ನು ಸಾಲಾಗಿ.
ಎಣ್ಣೆ ಬಿಟ್ಟು, ಒರೆಸಿ, ಫಳಫಳ ಮಾಡಿ ಕೊಟ್ಟೆ:
‘ಹೊಸಾದಲ್ವೇನಮ್ಮ, ತುಳೀತಾ ತುಳೀತಾ ಸರಿಹೋಗುತ್ತೆ.’
ನಾಲ್ಕನೇ ಸಲ ಅವಳು ಬರಲಿಲ್ಲ.
ಸರಿಹೋಗಿರಬೇಕು ಅಂದುಕೊಂಡೆ.
ಎಷ್ಟು ಸುಲಭವಾಗಿ ಅಂದುಕೊಂಡೆ!

ಸಂಜೆ ಫೋನು.
‘ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಕೊಡ್ತೀರಾ ಸರ್?
ಒಂಬತ್ತು ಅಂದ್ರೂ ಲಿಖಿತ್ ಅವರ ಸಂಬಳದಲ್ಲಿ ಹಿಡೀತಾರೆ.’
ಹುಡುಗಿಯ ದನಿ, ಜ್ವರ ಬಂದ ಗಂಟಲು.
ಅವಳ ಹಿಂದೆ ಅದೇ ಕೋಣೆಯಲ್ಲಿ ಇನ್ನೂ ನಾಲ್ಕೈದು ದನಿ,
ಹತ್ತು ಕೊಡಿ ಸರ್, ಹತ್ತು ಕೊಡಿ ಮೇಡಂ,
ಫ್ಯಾನಿನ ಬೇರಿಂಗ್ ಒಂದು ಒಣಗಿದೆ ಅಲ್ಲಿ.

ನಾಲ್ಕು ಅಂದೆ.
ಆ ಕಡೆ ಸುಮ್ಮನಾಯಿತು.
‘ಹುಡುಗನಿಗೆ ಹತ್ತು ಬರ್ಕೊಳ್ಳಮ್ಮ. ಗ್ಯಾರೇಜಿಗೆ ನಾಲ್ಕು.’
‘ಹಾಗೆ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಸರ್.’
ಫೋನಿಟ್ಟ ಮೇಲೆ, ಏನು ಬರೆದುಕೊಂಡಳೋ.

ಭಾನುವಾರ ಗೊರೂರಿಗೆ ಹೊರಟೆವು.
ರುಕ್ಮಾಬಾಯಿ ಮುಂದೆ ಕೂರಲಿಲ್ಲ, ಹಿಂದೆ ಹೋಗಿ ಎಡಗಡೆ ಕೂತಳು.
ತಗ್ಗು ಬಂತು. ಟಿಕ್.
ಬಾಗಿಲ ಮೇಲೆ ಅಲ್ಲಿ ಇಲ್ಲಿ ಅಂಗೈ ಒತ್ತಿ ನೋಡಿದಳು,
ಕಾಜ ಹಾಕುವ ಮೊದಲು ಬಟ್ಟೆ ತಡವುವ ಹಾಗೆ.
‘ಸಿಕ್ಕಿತು ನೋಡಿ, ಇಲ್ಲೇ.’
ಸದ್ದು ನಿಂತಿತು.

ಕೈ ತೆಗೆದರೆ ಟಿಕ್. ಇಟ್ಟರೆ ಇಲ್ಲ.
ಬಿಚ್ಚಬಾರದು ಅಂದಿದ್ದಾರೆ, ಒತ್ತಬಾರದು ಅಂದಿಲ್ಲ.
ಹೇಮಾವತಿಯ ನೀರು ಕಾಣುವವರೆಗೂ
ಹಾಗೇ ಹಿಡಿದು ಕೂತಿದ್ದಳು,
ಆಗಾಗ ಕೈ ಬದಲಿಸುತ್ತ.

ವಾಪಸು ಬರುವಾಗ ಕೇಳಿದಳು,
‘ದುದ್ದಕ್ಕೆ ಈ ಕಡೆಯಿಂದ ದಾರಿ ಇದೆಯಾ?’
ಸುತ್ತಾಗುತ್ತೆ ಅಂದೆ.
ಆಗಲಿ ಅಂದಳು.