ಸ್ನೋ

ನಮ್ಮವ್ವನ ಟ್ರಂಕಿನಲ್ಲಿ ಒಂದು ಗಾಜಿನ ಡಬ್ಬಿ ಇತ್ತು, ಸ್ನೋ ಅಂತ.
ಮದುವೆಮನೆಗೆ ಹೊರಟಾಗ ಮಾತ್ರ ಮುಚ್ಚಳ ತಿರುಗೋದು.
ಕಿರುಬೆರಳ ತುದಿಯಷ್ಟು ನನಗೆ, ಮಿಕ್ಕಿದ್ದು ಅಕ್ಕನ ಕೆನ್ನೆಗೆ.
ಆ ಸ್ನೋ ಬಿಟ್ಟರೆ ಬೇರೆ ಸ್ನೋ ಕಂಡವಳಲ್ಲ ನಾನು,
ಮಂಡ್ಯದ ಗುತ್ತಲು ರಸ್ತೆಯ ಹತ್ತಡಿ ಪಾರ್ಲರಿನಲ್ಲಿ
ಇಪ್ಪತ್ತೆರಡು ವರ್ಷ ನಿಂತುಕೊಂಡೇ ಕಳೆದವಳು.

ಜನವರಿಯ ಒಂದು ಬೆಳಗ್ಗೆ, ಇನ್ನೂ ಕಸ ಗುಡಿಸಿರಲಿಲ್ಲ,
ಬಂದು ಕುರ್ಚಿಯಲ್ಲಿ ಕೂತಳು ಬಿಂದುಶ್ರೀ,
ಹೆಡ್ ಕಾನ್‌ಸ್ಟೇಬಲ್ ಬೋರಯ್ಯನ ಮಗಳು, ಎನ್‌ಸಿಸಿ ಹುಡುಗಿ.
‘ಅಕ್ಕಾ, ಔಲಿಗೆ ಹೊರಟಿದೀನಿ. ಹದಿನೈದು ದಿನ.
ಕಾಲಿಗೆ ಹಲಗೆ ಕಟ್ಕೊಂಡು ಹಿಮದ ಮೇಲೆ ಜಾರೋದು.
ಮುಖಕ್ಕೆ ಏನು ಹಚ್ಚಲಿ, ಕೂದಲಿಗೆ ಏನು ಮಾಡಲಿ?’

ಬೆಳ್ಳಗೆ ಮಾಡಿ ಅಂದವರಿಗೆ ಲೆಕ್ಕವಿಲ್ಲ ಈ ಕುರ್ಚಿಯಲ್ಲಿ.
ಇದ್ದ ಬಣ್ಣ ಇದ್ದಂಗೇ ಇರಲಿ ಅಂತ ಕೇಳಿದವಳು
ಇವಳೊಬ್ಬಳೇ.

ಕಿಟಕಿಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಹೆಪ್ಪುಗಟ್ಟಿ ಕೂತಿತ್ತು.
ನಮ್ಮ ಚಳಿಗೇ ಇದರ ಗತಿ ಇದಾದರೆ!
‘ಹರಳೆಣ್ಣೆ ತಗಂಡೋಗಮ್ಮಿ, ಅದು ಅಷ್ಟು ಸುಲಭಕ್ಕೆ ಗಟ್ಟಿಯಾಗಲ್ಲ.
ಕೂದಲ ತುದಿಗೆ ಸವರು, ಬಿಗಿಯಾಗಿ ಹೆಣೆ, ಟೋಪಿಯೊಳಗೆ ತುರುಕು.
ಒದ್ದೆ ತಲೇಲಿ ಹೊರಗೆ ಹೆಜ್ಜೆ ಇಟ್ಟೀಯ,
ಜಡೆ ಕಬ್ಬಿನ ಜಲ್ಲೆ ಆಯ್ತದೆ.
ಸುಡುಸುಡು ನೀರು ಮುಖಕ್ಕೆ ಬ್ಯಾಡ.
ತುಟಿಗೆ ತುಪ್ಪ. ನಗಬ್ಯಾಡ, ತುಪ್ಪವೇ.’

ಕ್ರೀಮು ಹಚ್ಚಿಕೊಳ್ಳೋದು ತೋರಿಸು ಅಂದೆ.
ಹಣೆ, ಮೂಗು, ಎರಡು ಕೆನ್ನೆ, ಮುಗೀತು ಅಂದಳು.
ಅವಳ ಗದ್ದ ಹಿಡಿದು ಮೇಲಕ್ಕೆತ್ತಿದೆ.
‘ಇಲ್ಲಿ?’

ಹದಿನಾಲ್ಕು ವರ್ಷದವಳಿದ್ದೆ, ನಾಟಿಗೆ ಹೋಗುತ್ತಿದ್ದೆ.
ನಾಲೆ ಬಯಲಿನ ಗದ್ದೆ, ಮೀನಖಂಡ ಮುಳುಗುವಷ್ಟು ನೀರು.
ತಲೆಗೆ ಟವೆಲು, ಬೆನ್ನಿಗೆ ಅಪ್ಪನ ಹಳೇ ಷರ್ಟು,
ಬಿಸಿಲಿಗೆ ಎಲ್ಲೂ ಸಂದು ಬಿಟ್ಟಿರಲಿಲ್ಲ.
ಆದರೂ ಸಂಜೆ ಗದ್ದದ ಕೆಳಗೆ ಉರಿ,
ಮೂಗಿನ ಹೊಳ್ಳೆಯ ಅಂಚಿಗೆ ಉರಿ,
ಕಿವಿಯ ಹಾಲೆಯ ಹಿಂದೆ.
‘ನೀರಿನೊಳಗೂ ಒಬ್ಬ ಸೂರ್ಯ ಅವ್ನೆ ಕಣೆ,’ ಅಂದಿದ್ದಳು
ಪಕ್ಕದ ಸಾಲಿನ ಹೊಂಬಾಳಮ್ಮ,
‘ಮೇಲಿನವನಿಗೆ ಸೆರಗು ಹೊದ್ದರೆ ಕೆಳಗಿನವನು ನೋಡ್ತಾನೆ.’
ಬಗ್ಗಿದ ಮುಖವೇ ಅವನಿಗೆ ಬೇಕಾದ್ದು.

ಹಿಮವೂ ಹಂಗೇ ಇರಬೇಕು ಅಂದೆ.
ಇರಬೇಕು ಅಂದೆ ಅಷ್ಟೇ, ನಾನೇನು ಕಂಡೆ?
ಗದ್ದದಡಿ, ಹೊಳ್ಳೆಯಂಚು, ಕಿವಿ ಹಿಂದೆ,
ಒಂದೊಂದನ್ನೂ ಮೂರು ಸಲ ಮುಟ್ಟಿ ತೋರಿಸಿದೆ.
ಆಮೇಲೆ ಬಾಚಣಿಗೆಯ ತುದಿಯಲ್ಲಿ
ಬದು ಹಾಕಿದಷ್ಟು ನೆಟ್ಟಗೆ ಬೈತಲೆ ತೆಗೆದು
ಎರಡು ಜಡೆ ಬಿಗಿದು ಕಳಿಸಿದೆ. ಕಾಸು ತಗೊಳ್ಳಲಿಲ್ಲ.

ಫೆಬ್ರವರಿಯಲ್ಲಿ ಬಂದಳು. ಜೊತೆಗೆ ಅವಳಮ್ಮ, ಕೋಪದಲ್ಲಿ.
ಕನ್ನಡಕ ಇದ್ದ ಜಾಗ ಮಾತ್ರ ತಿಳಿ, ಮಿಕ್ಕ ಮುಖ ಸುಟ್ಟ ರೊಟ್ಟಿ,
ಆದರೂ ಸುಲಿದಿರಲಿಲ್ಲ.
ಗದ್ದ ಎತ್ತಿ ನೋಡಿದೆ: ಹೋದಾಗ ಹೆಂಗಿತ್ತೋ ಹಂಗೇ.
‘ಅದಲ್ಲ,’ ಅಂದರು ಆಯಮ್ಮ, ‘ತಲೆ ನೋಡು.
ಬಸ್ ಸ್ಟ್ಯಾಂಡಿನಲ್ಲಿ ಇವಳು ಟೋಪಿ ತೆಗೆದಾಗ
ನನ್ನ ಎದೆ ಧಸಕ್ ಅಂತು.
ಯಾರೇ ಇಟ್ಟಿದ್ದು ಬೈತಲೆಗೆ ಕುಂಕುಮ?’

ನಾನು ತೆಗೆದ ಬೈತಲೆ. ಹಣೆಯಿಂದ ನೆತ್ತಿಯವರೆಗೆ
ಕೆಂಪಗೆ, ನೆಟ್ಟಗೆ, ಸುಟ್ಟ ಗೆರೆ.
ಮಧ್ಯಾಹ್ನ ಊಟದ ಹೊತ್ತಿಗೆ ಟೋಪಿ ತೆಗೆದು
ಬಿಸಿಲಿಗೆ ಕೂರುತ್ತಿದ್ದಳಂತೆ, ದಿನಾ.
ಗದ್ದೆಯಲ್ಲಿ ನನ್ನ ತಲೆಯ ಮೇಲಿನ ಟವೆಲು ಇಳಿದದ್ದೇ ಇಲ್ಲ.
ಗೊತ್ತಿದ್ದದ್ದಷ್ಟೇ ಹೇಳಿಕೊಟ್ಟಿದ್ದೆ.

ಬಾಗಿಲ ಬಳಿಯ ಪಾಟಿನಿಂದ ಲೋಳೆಸರ ಮುರಿದು ತಂದೆ.
ತಣ್ಣಗಿನ ಲೋಳೆ ಗೆರೆಯುದ್ದಕ್ಕೂ ಎಳೆದೆ.
‘ಸ್ಸ್’ ಅಂದಳು, ಆಮೇಲೆ ಕಣ್ಣು ಮುಚ್ಚಿದಳು.
‘ಇನ್ನೊಂದು ತಿಂಗಳು ಅಡ್ಡಬೈತಲೆ,’ ಅಂದೆ.

‘ಹೆಂಗಿತ್ತೇ ಹಿಮ?’
‘ಗದ್ದೆ ಥರ, ಅಕ್ಕ. ಹೂತ ಕಾಲು ಕೀಳಕ್ಕೇ ಆಗ್ತಿರಲಿಲ್ಲ.’